ಸವೆತವೇ ಅಳತೆ: ವೇಲ್ಸ್‌ನ ಹಳೆಯ ಕಮ್ಮಾರಸಾಲೆಯೊಂದರ ತಿದಿಯನ್ನು ಮತ್ತೆ ಕಟ್ಟಿದ ಬಗೆ

ಮಧ್ಯ ವೇಲ್ಸ್‌ನ ಲಾನಿಡ್ಲೋಸ್ ಪಟ್ಟಣದಿಂದ ಕೆಲವು ಮೈಲಿ ಆಚೆ, ಕುರಿಗಳು ಮೇಯುವ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ, ಸುಮಾರು ನಲವತ್ತು ವರ್ಷಗಳಿಂದ ಬೆಂಕಿ ಕಾಣದೆ ಮುಚ್ಚಿದ್ದ ಕಮ್ಮಾರಸಾಲೆಯನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡಲು ಊರಿನವರು ಹೊರಟಾಗ, ಬೆಂಕಿಗೆ ಗಾಳಿ ಊದುವ ತಿದಿ ಮತ್ತು ಒಲೆಯ ಹೊಣೆ ನನ್ನ ಪಾಲಿಗೆ ಬಂತು. ನಾನು ವೃತ್ತಿಯಿಂದ ಕಾರ್ಖಾನೆಯ ಯಂತ್ರಗಳನ್ನು ದುರಸ್ತಿ ಮಾಡುವವನು. ಹಾವೇರಿ ಜಿಲ್ಲೆಯಲ್ಲಿದ್ದ ನನ್ನ ತಾಯಿಯ ತವರಿನಲ್ಲಿ ಅಜ್ಜನ ಕುಲುಮೆಯಿತ್ತು. ರಜೆಯಲ್ಲಿ ಅಲ್ಲಿಗೆ ಹೋದಾಗ ಗಾಳಿ ಹಾಕುವ ಕೆಲಸ ನಮ್ಮಂಥ ಮಕ್ಕಳದ್ದಾಗಿತ್ತು. ಆ ನೆನಪಿನ ಆಧಾರದ ಮೇಲೆಯೇ ಈ ಹೊಣೆಯನ್ನು ಒಪ್ಪಿಕೊಂಡೆ. ಹದಿನೆಂಟು ತಿಂಗಳ ಶನಿವಾರಗಳಲ್ಲಿ ನಡೆದ ಕೆಲಸವನ್ನು, ಮುಂದೆ ಇಂಥ ತಿದಿಯನ್ನು ಬಿಚ್ಚಬೇಕಾದವರಿಗೆ ನೆರವಾಗಲೆಂದು, ಅಳತೆಗಳ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ.

ವೆಲ್ಷ್ ಭಾಷೆಯಲ್ಲಿ ಕಮ್ಮಾರನಿಗೆ ‘ಗೋವ್’ ಎಂದೂ ಕಮ್ಮಾರಸಾಲೆಗೆ ‘ಗೆವೈಲ್’ ಎಂದೂ ಹೆಸರು. ನಮ್ಮ ಆದೇಶ ಸಂಧಿಯಲ್ಲಿ ಕ, ತ, ಪಗಳು ಗ, ದ, ಬಗಳಾಗುವಂತೆಯೇ ಆ ಭಾಷೆಯಲ್ಲಿಯೂ ಪದದ ಮೊದಲ ವ್ಯಂಜನ ಮೃದುವಾಗುತ್ತದೆ. ಗಕಾರವಾದರೆ ಪೂರ್ತಿ ಲೋಪವಾಗಿ ‘ಗೆವೈಲ್’ ಎಂಬುದು ‘ಎವೈಲ್’ ಆಗುತ್ತದೆ. ವೇಲ್ಸ್‌ನ ಹಲವು ಊರುಗಳ ಹೆಸರಿನಲ್ಲಿ ಈ ‘ಎವೈಲ್’ ಉಳಿದುಕೊಂಡಿದೆ. ಸುಂಕದ ಗೇಟುಗಳ ವಿರುದ್ಧ ರೈತರು ಎದ್ದ ರೆಬೆಕಾ ದಂಗೆಯಲ್ಲಿ, 1839ರಲ್ಲಿ, ಮೊದಲು ಮುರಿದುಬಿದ್ದ ಗೇಟು ಎವೈಲ್‌ವೆನ್ ಎಂಬ ಊರಿನದು. ಆ ಹೆಸರಿನ ಅರ್ಥ ಬಿಳಿಯ ಕಮ್ಮಾರಸಾಲೆ ಎಂದು. ನಮ್ಮ ಕಮ್ಮಾರಸಾಲೆಯ ಹೊರಗೋಡೆಯನ್ನು ಕೆರೆದಾಗಲೂ ಸುಣ್ಣದ ಅನೇಕ ಪದರಗಳು ಒಂದರ ಮೇಲೊಂದು ಕಂಡವು.

ಕಟ್ಟಡದ ಕೆಲಸವನ್ನು ನಾನು ಮಾಡಲಿಲ್ಲವಾದ್ದರಿಂದ ಅದನ್ನು ಚುಟುಕಾಗಿ ಹೇಳುತ್ತೇನೆ. ಇದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇರುವುದರಿಂದ ಒಂದು ಕಲ್ಲನ್ನು ಅಲುಗಿಸುವುದಕ್ಕೂ ಮೊದಲೇ ಅನುಮತಿ ಪಡೆಯಬೇಕಾಗಿತ್ತು. ಛಾವಣಿಯ ಸ್ಲೇಟ್ ಕಲ್ಲುಗಳು ಗಟ್ಟಿಯಾಗಿದ್ದರೂ ಅವುಗಳನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಸೂಜಿಯಷ್ಟು ತೆಳುವಾಗಿದ್ದವು. ಅದೇ ಕಲ್ಲುಗಳನ್ನು ತಾಮ್ರದ ಮೊಳೆಗಳಿಂದ ಮತ್ತೆ ಹೊದಿಸಲಾಯಿತು. ಅಟ್ಟದಲ್ಲಿ ಬೇಸಗೆಯ ಹೊತ್ತು ಬಾವಲಿಗಳು ಮರಿ ಹಾಕುತ್ತಿದ್ದವು. ಬ್ರಿಟನ್ನಿನಲ್ಲಿ ಬಾವಲಿಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಪರವಾನಗಿ ಪಡೆದು, ಅವು ಹೋದ ಮೇಲೆಯೇ ಛಾವಣಿಗೆ ಕೈ ಹಚ್ಚಿದೆವು. ಮೂಗಿನ ಮೇಲೆ ಲಾಳದ ಆಕಾರವಿರುವ ಜಾತಿಯ ಬಾವಲಿಗಳು ಅವು. ಕುದುರೆಗೆ ಲಾಳ ಕಟ್ಟುತ್ತಿದ್ದ ಸೂರಿನ ಕೆಳಗೆ ಅವುಗಳನ್ನು ಕಂಡು ನಮಗೆಲ್ಲ ಬಹಳ ಸಂತೋಷವಾಯಿತು. ಗೋಡೆಯ ಸಂದುಗಳಲ್ಲಿ ಹಿಂದೊಮ್ಮೆ ಯಾರೋ ತುಂಬಿದ್ದ ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಹಾಳುಮಾಡುತ್ತಿತ್ತು. ಅದನ್ನೆಲ್ಲ ಉಳಿಯಿಂದ ತೆಗೆದು ಸುಣ್ಣದ ಗಾರೆ ತುಂಬಲಾಯಿತು. ಹೊಸ ಗಾರೆಗೆ ಹಿಮ ತಗುಲಬಾರದಾದ್ದರಿಂದ ಚಳಿಗಾಲವಿಡೀ ಆ ಕೆಲಸ ನಿಂತಿತು, ಮತ್ತು ನನಗೆ ತಿದಿಯನ್ನು ನಿಧಾನವಾಗಿ ನೋಡುವ ಅವಕಾಶ ಸಿಕ್ಕಿತು.

ಒಲೆಯ ಎಡಬದಿಯಲ್ಲಿ, ದಪ್ಪ ಮರದ ಚೌಕಟ್ಟಿನಲ್ಲಿ ತಿದಿ ಕೂತಿತ್ತು. ಮೂತಿಯಿಂದ ಬಾಲದವರೆಗೆ 1.4 ಮೀಟರ್ ಉದ್ದ, ಅತಿ ಅಗಲವಾದ ಕಡೆ 95 ಸೆಂಟಿಮೀಟರ್. ಮೇಲಿನಿಂದ ನೋಡಿದರೆ ಪೇರುಹಣ್ಣನ್ನು ಉದ್ದಕ್ಕೆ ಸೀಳಿದಂತಹ ಆಕಾರ. ಅಜ್ಜನ ಕಾಲಕ್ಕಿಂತ ಮುಂಚೆ ನಮ್ಮ ಕಡೆ ಬಳಸುತ್ತಿದ್ದ ಚರ್ಮದ ಚೀಲದ ತಿದಿಗಳಲ್ಲಿ ಎರಡನ್ನು ಒಂದಾದ ಮೇಲೊಂದು ಒತ್ತಿ ಗಾಳಿಯನ್ನು ಬಿಡದಂತೆ ನಡೆಸುತ್ತಿದ್ದರು. ಇಲ್ಲಿ ಅದೇ ಸಮಸ್ಯೆಗೆ ಬೇರೆ ಉತ್ತರವಿದೆ. ಮೂರು ಹಲಗೆಗಳ ಪೈಕಿ ನಡುವಿನದು ಚೌಕಟ್ಟಿಗೆ ಬಿಗಿದಿರುತ್ತದೆ. ಸನ್ನೆಕೋಲನ್ನು ಕೆಳಗೆಳೆದಾಗ ಅದರ ಇನ್ನೊಂದು ತುದಿಯ ಸರಪಳಿ ಕೆಳಹಲಗೆಯನ್ನು ಮೇಲಕ್ಕೆತ್ತಿ, ಕೆಳಗಿನ ಕೋಣೆಯ ಗಾಳಿಯನ್ನು ನಡುಹಲಗೆಯ ಕವಾಟದ ಮೂಲಕ ಮೇಲಿನ ಕೋಣೆಗೆ ನೂಕುತ್ತದೆ. ಕೋಲನ್ನು ಬಿಟ್ಟಾಗ ಕೆಳಹಲಗೆ ತನ್ನ ತೂಕದಿಂದಲೇ ಇಳಿದು, ತನ್ನಲ್ಲಿರುವ ಇನ್ನೊಂದು ಕವಾಟದಿಂದ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮೇಲುಹಲಗೆ, ಅದರ ಮೇಲೆ ಇಟ್ಟ ತೂಕದ ಬಲದಿಂದ, ಸಂಗ್ರಹವಾದ ಗಾಳಿಯನ್ನು ಒಂದೇ ಸಮನೆ ಒಲೆಗೆ ಒತ್ತುತ್ತಿರುತ್ತದೆ. ಕೈ ಬಿಟ್ಟ ಹೊತ್ತಿನಲ್ಲಿಯೂ ಬೆಂಕಿಗೆ ಉಸಿರು ಇರುತ್ತದೆ ಎಂಬುದೇ ಈ ರಚನೆಯ ಹೆಚ್ಚುಗಾರಿಕೆ. ಒಬ್ಬನೇ ಕೆಲಸ ಮಾಡುವ ಕಮ್ಮಾರನಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಮೂರು ಹಲಗೆಗಳೂ ಎಲ್ಮ್ ಮರದವು, ಮತ್ತು ಅಂಚಿನಲ್ಲಿ ಹುಳು ತಿಂದ ಒಂದು ಅಂಗೈಯಗಲದ ಜಾಗವನ್ನು ಬಿಟ್ಟರೆ ಗಟ್ಟಿಯಾಗಿದ್ದವು. ಚರ್ಮ ಮಾತ್ರ ಮುಗಿದುಹೋಗಿತ್ತು. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಉದುರುತ್ತಿತ್ತು. ಮರದ ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಕಲ್ಲಿದ್ದಲ ಹೊಗೆಯಲ್ಲಿನ ಗಂಧಕ ಎಷ್ಟೋ ವರ್ಷ ತಗುಲಿದರೆ ಆಗುವ ಕೊಳೆತವಿದು, ಒಮ್ಮೆ ಆದ ಮೇಲೆ ಎಣ್ಣೆ ಹಚ್ಚಿ ಸರಿಪಡಿಸುವಂಥದ್ದಲ್ಲ. ಆದರೂ ಅದನ್ನು ಹರಿದು ಎಸೆಯಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು, ಚರ್ಮವನ್ನು ತುಂಡು ತುಂಡಾಗಿಯಾದರೂ ನೆಲದ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಜೋಡಿಸಿ, ಪ್ರತಿ ತುಂಡಿಗೂ ಸಂಖ್ಯೆ ಬರೆದು ಚಿತ್ರ ತೆಗೆದೆವು. ಹಾಗೆ ಜೋಡಿಸಿದಾಗ ತೇಪೆಗಳು ಎದ್ದು ಕಂಡವು. ಒಟ್ಟು ಏಳು ತೇಪೆಗಳಿದ್ದು, ಅವುಗಳಲ್ಲಿ ಐದು ಬಲಮಗ್ಗುಲಿನಲ್ಲಿ, ಅಂದರೆ ಬೆಂಕಿಯ ಕಡೆಗೆ ಇದ್ದವು. ಚರ್ಮ ಒಣಗುತ್ತಿದ್ದುದು ಯಾವ ಬದಿಯಲ್ಲಿ ಎಂಬುದನ್ನು ಆ ತೇಪೆಗಳೇ ತಿಳಿಸಿದವು; ಹೊಸ ಚರ್ಮದ ಕೂಡುಹೊಲಿಗೆ ಆ ಬದಿಗೆ ಬರಬಾರದೆಂದು ಅಂದೇ ನಿರ್ಧರಿಸಿದೆ.

ಸನ್ನೆಕೋಲು ಎಲ್ಲಿ ತಿರುಗುತ್ತಿತ್ತು ಎಂಬುದು ಮೊದಲು ಗೊತ್ತಾಗಲಿಲ್ಲ. ಕೋಲು ಬೇರೆಯಾಗಿ ಮೂಲೆಯಲ್ಲಿ ಒರಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಕೊಂಡಿ ಕಾಣೆಯಾಗಿತ್ತು. ತೊಲೆಯ ಮೇಲೆ ಕೊಂಡಿ ಹೊಡೆದಿದ್ದಿರಬಹುದಾದ ತೂತುಗಳು ನಾಲ್ಕು ಕಡೆ ಇದ್ದವು. ಕೊನೆಗೆ ಕೋಲನ್ನೇ ಬೆಳಕಿಗೆ ಹಿಡಿದು ನೋಡಿದಾಗ, ಅದರ ಅಡಿಯಲ್ಲಿ ಹಿಡಿಕೆಯಿಂದ 1.62 ಮೀಟರ್ ದೂರದಲ್ಲಿ, ಕೊಂಡಿಯ ಸರಳು ಉಜ್ಜಿ ಮಾಡಿದ್ದ ನುಣುಪಾದ ತಗ್ಗು ಕಂಡಿತು. ಕೋಲಿನ ತುದಿಯ ಸರಪಳಿ ಕೆಳಹಲಗೆಯ ಬಾಲಕ್ಕೆ ನೇರವಾಗಿ ಇಳಿಯುವಂತೆ ಹಿಡಿದಾಗ ಆ ತಗ್ಗು ತೊಲೆಯ ಎರಡನೆಯ ತೂತಿನ ಜೋಡಿಗೆ ಸರಿಯಾಗಿ ಬಂದು ನಿಂತಿತು. ಹಿಡಿಕೆಯ ತುದಿಗೆ ಹಸುವಿನ ಕೊಂಬೊಂದನ್ನು ಸಿಕ್ಕಿಸಲಾಗಿತ್ತು. ಬ್ರಿಟನ್ನಿನ ಹಳೆಯ ಕಮ್ಮಾರಸಾಲೆಗಳಲ್ಲಿ ಇದು ರೂಢಿ. ಕೊಂಬಿನ ಒಂದು ಮಗ್ಗುಲಲ್ಲಿ ಎಡಗೈಯ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಎಡಗೈಯಲ್ಲಿ ಗಾಳಿ ಹಾಕುತ್ತ ಬಲಗೈಯಲ್ಲಿ ಇಕ್ಕಳ ಹಿಡಿದು ಬೆಂಕಿಯನ್ನು ನೋಡುತ್ತಿದ್ದವರ ನಿಲುವು ಅದರಿಂದ ತಿಳಿಯಿತು. ಕೊಂಬನ್ನು ಒರೆಸಿದೆವೇ ಹೊರತು ಉಜ್ಜಿ ಹೊಳಪು ಮಾಡಲಿಲ್ಲ.

ಇಷ್ಟೆಲ್ಲ ಗುರುತುಗಳನ್ನು ಓದಿದ ನಾನೇ ಮುಖ್ಯವಾದ ಒಂದನ್ನು ಕಡೆಗಣಿಸಿ ಮೂರು ವಾರದ ಕೆಲಸವನ್ನು ಹಾಳುಮಾಡಿದೆ. ಚರ್ಮವನ್ನು ಕತ್ತರಿಸುವ ಮೊದಲು ಹಳೆಯ ಹೊದಿಕೆಯ ಬಟ್ಟೆಯಿಂದ ಮಾದರಿ ತಯಾರಿಸಿಕೊಂಡೆ. ಮೇಲಿನ ಕೋಣೆ ಬಾಲದ ಕಡೆ ಎಷ್ಟು ತೆರೆಯಬೇಕು ಎಂಬುದಕ್ಕೆ ಹಲಗೆಯ ಉದ್ದದ ಮೂರನೇ ಒಂದು ಭಾಗ ಎಂದು ಲೆಕ್ಕ ಹಾಕಿ 46 ಸೆಂಟಿಮೀಟರ್ ಇಟ್ಟುಕೊಂಡೆ. ಗಾಳಿ ಹೆಚ್ಚು ಹಿಡಿದಷ್ಟೂ ಒಳ್ಳೆಯದು ಎಂಬುದು ನನ್ನ ಎಣಿಕೆಯಾಗಿತ್ತು. ಸೊಪ್ಪು ತೊಗಟೆಗಳ ರಸದಿಂದ ಹದ ಮಾಡಿದ, 2.5 ಮಿಲಿಮೀಟರ್ ದಪ್ಪದ ಎರಡು ಅರೆತೊಗಲುಗಳನ್ನು ತರಿಸಿ, ಬಾಲದ ನಡುವೆ ಕೂಡುವಂತೆ ಮೇಣದ ನಾರಿನ ದಾರದಿಂದ ಎರಡು ಸಾಲು ಹೊಲಿದು, ಮೂತಿಯಿಂದ ಆರಂಭಿಸಿ ಎರಡೂ ಕಡೆಗೆ ಬಿಗಿಯುತ್ತ ಬಂದೆವು. ಎಲ್ಲ ಮುಗಿಸಿ ಗಾಳಿ ಹಾಕಿದಾಗ ಮೇಲುಹಲಗೆ ಏರಿತು, ಏರುತ್ತಲೇ ಹೋಗಿ ಹಿಂದಿನ ಕಂಬಕ್ಕೆ ಅಡ್ಡ ಬಡಿದಿದ್ದ ದಿಮ್ಮಿಗೆ ಸಿಕ್ಕಿಕೊಂಡು ಓರೆಯಾಯಿತು. ಎಡಮಗ್ಗುಲಿನ ಚರ್ಮ ಎಂಟು ಮೊಳೆಗಳ ಬುಡದಲ್ಲಿ ಸಾಲಾಗಿ ಹರಿಯಿತು.

ಕಾರಣ ಕಣ್ಣ ಮುಂದೆಯೇ ಇತ್ತು. ಹಿಂದಿನ ಕಂಬದ ಮೇಲೆ ಮೇಲುಹಲಗೆಯ ಬಾಲ ವರ್ಷಗಟ್ಟಲೆ ಉಜ್ಜಿ ಮೂಡಿಸಿದ್ದ ಒಂದು ಹೊಳೆಯುವ ಪಟ್ಟೆಯಿತ್ತು. ಅದನ್ನು ನಾನು ಮೊದಲ ದಿನವೇ ಕಂಡಿದ್ದೆ, ಜಿಡ್ಡೆಂದು ಭಾವಿಸಿ ಅಳೆದಿರಲಿಲ್ಲ. ಈಗ ಅಳೆದಾಗ ನಡುಹಲಗೆಯಿಂದ 37 ಸೆಂಟಿಮೀಟರ್ ಎತ್ತರದಲ್ಲಿ ಪಟ್ಟೆ ಥಟ್ಟನೆ ನಿಂತಿತ್ತು. ಈ ತಿದಿ ಅದರ ಬದುಕಿನಲ್ಲಿ ಎಂದೂ ಅದಕ್ಕಿಂತ ಮೇಲೆ ತೆರೆದಿರಲಿಲ್ಲ. ಸಂಖ್ಯೆ ಬರೆದಿಟ್ಟಿದ್ದ ಹಳೆಯ ಚರ್ಮದ ತುಂಡುಗಳನ್ನು ಮತ್ತೆ ಜೋಡಿಸಿ ಮಡಿಕೆಯಿಂದ ಮಡಿಕೆಗೆ ಅಳೆದಾಗಲೂ ಅದೇ ಅಳತೆಗೆ ಹತ್ತಿರ ಬಂತು. ಲೆಕ್ಕ ಮಾಡುವ ಮೊದಲು ಸವೆತವನ್ನು ಅಳೆಯಬೇಕಿತ್ತು. ಅದೃಷ್ಟಕ್ಕೆ ಚರ್ಮ ಹೆಚ್ಚಾಗಿದ್ದುದರಿಂದ ಹರಿದ ಅಂಚನ್ನು ಕತ್ತರಿಸಿ ತೆಗೆದು, ಅದೇ ತೊಗಲನ್ನು 37 ಸೆಂಟಿಮೀಟರಿಗೆ ಸರಿಯಾಗಿ ಮತ್ತೆ ಕೂರಿಸಲು ಸಾಧ್ಯವಾಯಿತು.

ಎರಡನೆಯ ಸಲ ಕ್ರಮವನ್ನೂ ಬದಲಾಯಿಸಿದೆವು. ಚರ್ಮವನ್ನು ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿ, ಮೊದಲು ಬಾಲದ ನಡುಬಿಂದುವನ್ನು ಹಿಡಿದು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಮೊಳೆಯಂತೆ ಮೂತಿಯ ಕಡೆಗೆ ಬಂದೆವು. ಹೀಗೆ ಮಾಡಿದರೆ ಹೆಚ್ಚಾದ ಚರ್ಮವೆಲ್ಲ ಮೂತಿಯ ಬಳಿಗೆ ಸರಿಯುತ್ತದೆ, ಅಲ್ಲಿ ಕತ್ತರಿಸಿಕೊಳ್ಳಬಹುದು. ಮೊಳೆಯ ತಲೆ ಚರ್ಮವನ್ನು ಸೀಳದಂತೆ ಅದರ ಕೆಳಗೆ 20 ಮಿಲಿಮೀಟರ್ ಅಗಲದ ಚರ್ಮದ ಪಟ್ಟಿಯೊಂದನ್ನು ಸುತ್ತಲೂ ಹಾಯಿಸಿದೆವು. ಕಬ್ಬಿಣದ ಮೊಳೆ ಇಂಥ ಚರ್ಮದ ಒಗರಿಗೆ ಬೇಗ ತುಕ್ಕು ಹಿಡಿದು ಸುತ್ತಲಿನ ಚರ್ಮವನ್ನು ಕಪ್ಪಾಗಿಸಿ ಸುಡುವುದರಿಂದ ತಾಮ್ರದ ಅಗಲ ತಲೆಯ ಮೊಳೆಗಳನ್ನು, 25 ಮಿಲಿಮೀಟರಿಗೆ ಒಂದರಂತೆ, ಹಳೆಯ ತೂತುಗಳ ನಡುವೆ ಹೊಡೆದೆವು. ಚರ್ಮ ಒಳಕ್ಕೆ ಕುಸಿಯದಂತೆ ಹಲಗೆಗಳ ನಡುವೆ ನಿಲ್ಲುವ ಬಾಗಿದ ಮರದ ಪಕ್ಕೆಗಳಲ್ಲಿ ಒಂದು ಮಾತ್ರ ಮುರಿದಿತ್ತು. ಆಶ್ ಮರದ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ ಅದರ ಬದಲಿಗೆ ಇಟ್ಟೆವು. ಕವಾಟದ ಹಲಗೆಗಳ ಅಡಿಗೆ ಉಣ್ಣೆಯಿರುವ ಕುರಿಯ ಚರ್ಮವನ್ನು ಅಂಟಿಸಿದೆವು, ಏಕೆಂದರೆ ಬರಿ ಮರದ ಮೇಲೆ ಮರ ಕೂತರೆ ಗಾಳಿಯೂ ಸೋರುತ್ತದೆ, ಪ್ರತಿ ಎಳೆತಕ್ಕೂ ಟಪ್ಪೆಂಬ ಸದ್ದೂ ಬರುತ್ತದೆ. ಕೊನೆಗೆ ದನದ ಕಾಲುಮೂಳೆಯಿಂದ ತೆಗೆದ ಎಣ್ಣೆಯನ್ನು ಕೊಬ್ಬಿನೊಂದಿಗೆ ಬೆರೆಸಿ, ಬೆಚ್ಚಗೆ ಮಾಡಿ, ತೆಳುವಾಗಿ ಎರಡು ಸಲ ಹಚ್ಚಿದೆವು.

ಸೋರಿಕೆಯನ್ನು ಅಳೆಯಲು ಮೂತಿಯನ್ನು ಮುಚ್ಚಿ, ಮೇಲುಹಲಗೆ ಪೂರ್ತಿ ಏರಿದ ಮೇಲೆ ಅದು ತಾನಾಗಿ ಇಳಿಯುವ ಸಮಯವನ್ನು ಎಣಿಸಿದೆವು. ಮೊದಲ ದಿನ 48 ಸೆಕೆಂಡು ಬಂತು. ಸಾಬೂನಿನ ನೀರನ್ನು ಕುಂಚದಿಂದ ಹಚ್ಚಿ ಗುಳ್ಳೆ ಏಳುವ ಕಡೆಗಳನ್ನು ಗುರುತಿಸಿದಾಗ ದೋಷವೆಲ್ಲ ಮೂತಿಯ ಬಳಿಯ ಚರ್ಮದ ಕೀಲಿನಲ್ಲಿಯೇ ಇತ್ತು. ಅಲ್ಲಿ ಇನ್ನೊಂದು ಪದರ ಕೂರಿಸಿದ ಮೇಲೆ 2 ನಿಮಿಷ 10 ಸೆಕೆಂಡಿಗೆ ಏರಿತು. ಕಮ್ಮಾರಸಾಲೆಯ ಮೂಲೆಯಲ್ಲಿದ್ದ 28 ಪೌಂಡಿನ ಎರಡು ಹಳೆಯ ತೂಕಗಳನ್ನು ಬಾಲದ ಹತ್ತಿರ, ಮೇಲುಹಲಗೆಯಲ್ಲಿ ಅವು ಕೂತು ಕೂತು ತಗ್ಗಾಗಿದ್ದ ಎರಡು ಚೌಕಗಳ ಮೇಲೆಯೇ ಇಟ್ಟು, ಬಾಗಿದ ಕೊಳವೆಯಲ್ಲಿ ನೀರು ತುಂಬಿ ಒತ್ತಡ ನೋಡಿದರೆ ಸುಮಾರು 65 ಮಿಲಿಮೀಟರ್ ನೀರಿನ ಎತ್ತರ ಸಿಕ್ಕಿತು. ಕೈಬೆರಳಿಗೆ ಅದು ಬರಿಯ ತಣ್ಣನೆಯ ಉಸಿರಿನಂತೆ ತಗುಲುತ್ತದೆ. ಕೆಂಡಕ್ಕೆ ಅಷ್ಟೇ ಸಾಕು.

ತಿದಿಯ ಗಾಳಿ ಒಲೆಯನ್ನು ಸೇರುವುದು ಪಕ್ಕದಿಂದ. ಒಲೆಯ ಹಿಂಗೋಡೆಯಲ್ಲಿ ಎರಕದ ಕಬ್ಬಿಣದ ಗಾಳಿಗೊಳವೆಯೊಂದು ಚಾಚಿಕೊಂಡಿದ್ದು, ಅದರ ಸುತ್ತ ಟೊಳ್ಳಿದೆ. ಹಿಂದಿನ ತೊಟ್ಟಿಯ ನೀರು ಆ ಟೊಳ್ಳಿನಲ್ಲಿ ತುಂಬಿಕೊಂಡು ಕೊಳವೆಯ ಮೂತಿ ಕರಗದಂತೆ ಕಾಪಾಡುತ್ತದೆ. ತೊಟ್ಟಿಯ ತಳ ತುಕ್ಕು ಹಿಡಿದು ತೂತಾಗಿತ್ತು. ಅದಕ್ಕೆ ಒಳಗಿನಿಂದ 3 ಮಿಲಿಮೀಟರ್ ತಗಡನ್ನು ರಿವೆಟ್ ಮಾಡಿ ಕೂರಿಸಿದೆವು. ಇಂಥ ತೊಟ್ಟಿಯನ್ನು ಬಳಸುವವರು ನೆನಪಿಡಬೇಕಾದದ್ದು ಎರಡು: ನೀರಿಲ್ಲದೆ ಬೆಂಕಿ ಹೊತ್ತಿಸಬಾರದು, ಹಿಮಗಾಲದ ರಾತ್ರಿ ನೀರನ್ನು ಒಳಗೆ ಬಿಡಬಾರದು, ಏಕೆಂದರೆ ಹೆಪ್ಪುಗಟ್ಟಿದ ನೀರು ಎರಕದ ಕೊಳವೆಯನ್ನು ಸೀಳಿಬಿಡುತ್ತದೆ. ಒಲೆಯ ಸುತ್ತಲಿನ ವ್ಯವಸ್ಥೆಯನ್ನು ಹೋಲಿಸಿ ನೋಡಲು ಕಾರ್ಡಿಫ್ ಬಳಿಯ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬಂದೆ. 1948ರಲ್ಲಿ ಆರಂಭವಾದ ಆ ಬಯಲು ಸಂಗ್ರಹಾಲಯದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಲಾವ್ರ್-ಅ-ಗ್ಲಿನ್ ಕಮ್ಮಾರಸಾಲೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿ, 1972ರಿಂದ ಜನರಿಗೆ ತೆರೆದಿಟ್ಟಿದ್ದಾರೆ. ಅದರ ಮೂಲ ಊರು ನಮ್ಮ ಹಳ್ಳಿಗೆ ದೂರವಲ್ಲ.

ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲಿನ ಮೈಮೇಲೆ 2, 1, 10 ಎಂಬ ಮೂರು ಅಂಕಿಗಳು ಕೆತ್ತಿದ್ದವು. ಬ್ರಿಟನ್ನಿನ ಹಳೆಯ ತೂಕದ ಪದ್ಧತಿಯಲ್ಲಿ ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28 ಪೌಂಡಿನದು, ಮೂರನೆಯದು ಬಿಡಿ ಪೌಂಡುಗಳು. ಒಟ್ಟು 262 ಪೌಂಡು, ಅಂದರೆ ಸುಮಾರು 119 ಕಿಲೋ. ಅಂಚುಗಳು ಅಲ್ಲಲ್ಲಿ ಚಕ್ಕೆ ಎದ್ದಿದ್ದರೂ ಅವುಗಳನ್ನು ವೆಲ್ಡ್ ಮಾಡಿ ತುಂಬಿ ಉಜ್ಜುವ ಸಲಹೆಯನ್ನು ನಾನು ಬಲವಾಗಿ ವಿರೋಧಿಸಿದೆ: ಮೇಲ್ಮೈಯ ಉಕ್ಕಿನ ಹದ ಹಾಗೆ ಮಾಡಿದರೆ ಹೋಗುತ್ತದೆ. ಅಡಿಗಲ್ಲಿನ ಕೆಳಗೆ ನೆಲದಲ್ಲಿ ಹೂತಿದ್ದ ಎಲ್ಮ್ ದಿಮ್ಮಿ ಮಾತ್ರ ಕೊಳೆತಿತ್ತು. 1970ರ ದಶಕದ ರೋಗದಲ್ಲಿ ಬ್ರಿಟನ್ನಿನ ಎಲ್ಮ್ ಮರಗಳು ಲಕ್ಷಗಟ್ಟಲೆ ಸತ್ತುದರಿಂದ ಅಷ್ಟು ದಪ್ಪದ ದಿಮ್ಮಿ ಈಗ ಸಿಗುವುದು ಕಷ್ಟ. ಓಕ್ ದಿಮ್ಮಿಗೆ ಒಪ್ಪಿಕೊಂಡೆವು.

ದಿಮ್ಮಿಗಾಗಿ ನೆಲ ಅಗೆಯುವಾಗ ಸಿಕ್ಕಿದ ವಸ್ತುಗಳಲ್ಲಿ ಒಂದನ್ನು ನೋಡಿ ನಾನು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತೆ. ಅಲ್ಪವಿರಾಮದ ಆಕಾರದ, ಅಂಗೈಗಿಂತ ಚಿಕ್ಕದಾದ, ಒಂದೇ ಅಂಚಿನಲ್ಲಿ ತೂತುಗಳಿದ್ದ ತೆಳು ಕಬ್ಬಿಣದ ತುಂಡು ಅದು. ಉಳಿದವರು ಮುರಿದ ಕುದುರೆ ಲಾಳವೆಂದುಕೊಂಡರು. ಎತ್ತಿಗೆ ಲಾಳ ಕಟ್ಟುವುದನ್ನು ಕಂಡಿದ್ದ ನನಗೆ ಅದು ಮುರಿದದ್ದಲ್ಲ, ಪೂರ್ತಿಯಾದದ್ದೇ ಎಂದು ತಿಳಿಯಿತು: ದನದ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು, ಒಂದು ದನಕ್ಕೆ ಎಂಟು ಲಾಳಗಳು ಬೇಕು. ವೇಲ್ಸ್‌ನ ದನಗಳನ್ನು ಹಿಂಡು ಹಿಂಡಾಗಿ ಇಂಗ್ಲೆಂಡಿನ ಸಂತೆಗಳಿಗೆ, ಲಂಡನ್‌ವರೆಗೂ, ನಡೆಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಗಟ್ಟಿ ದಾರಿಯಲ್ಲಿ ಗೊರಸು ಸವೆಯದಂತೆ ಅವುಗಳನ್ನು ಹಗ್ಗದಿಂದ ಕೆಡವಿ ಇಂಥ ಲಾಳಗಳನ್ನು ಬಡಿಯುತ್ತಿದ್ದರು. 1859ರಲ್ಲಿ ಲಾನಿಡ್ಲೋಸ್‌ಗೆ ರೈಲು ಬಂತು. ರೈಲು ಹಬ್ಬಿದಂತೆ ಆ ನಡಿಗೆಯೂ ನಿಂತಿತು. ಆ ಲಾಳವನ್ನು ತುಕ್ಕು ತೆಗೆಯದೆ ಒಣಗಿಸಿ ಕಿಟಕಿಯ ಗೂಡಿನಲ್ಲಿ ಇರಿಸಿದ್ದೇವೆ.

ಎರಡನೆಯ ವರ್ಷದ ಮೇ ತಿಂಗಳಿನಲ್ಲಿ ಬೆಂಕಿ ಹೊತ್ತಿಸಿದೆವು. ವೇಲ್ಸ್ ಕಲ್ಲಿದ್ದಲಿಗೆ ಹೆಸರಾದ ನಾಡಾದರೂ ಎಲ್ಲ ಕಲ್ಲಿದ್ದಲೂ ಕುಲುಮೆಗೆ ಆಗುವುದಿಲ್ಲ; ನೈಋತ್ಯ ಭಾಗದ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಕಾದಾಗ ಅಂಟಿಕೊಂಡು ಕೋಕ್ ಆಗದು, ಗಾಳಿ ನಿಂತೊಡನೆ ಬೆಂಕಿಯೂ ಸೊರಗುತ್ತದೆ. ಅಂಟುವ ಗುಣದ ಸಣ್ಣ ಕಲ್ಲಿದ್ದಲನ್ನು ತರಿಸಿ ಒದ್ದೆ ಮಾಡಿ ಸುತ್ತ ಒಡ್ಡಿದೆವು. ತಣ್ಣಗಿದ್ದ ಚಿಮಣಿ ಹೊಗೆಯನ್ನು ಒಳಕ್ಕೇ ತಳ್ಳಿತು. ಚಿಮಣಿಯ ಬುಡದಲ್ಲಿ ಹುಲ್ಲಿನ ಹಿಡಿಯನ್ನು ಉರಿಸಿ ಬಿಸಿ ಮಾಡಿದ ಮೇಲೆ ಸರಿಹೋಯಿತು. ಕಿಟಕಿ ಚಿಕ್ಕದಾಗಿ, ಒಳಗೆ ಮಬ್ಬು ಏಕಿದೆ ಎಂಬುದು ಆಗ ಅರ್ಥವಾಗುತ್ತದೆ. ಕಾದ ಕಬ್ಬಿಣದ ಬಣ್ಣವೇ ಅದರ ಬಿಸಿಯ ಅಳತೆಯಾದ್ದರಿಂದ ಬಿಸಿಲಿನಲ್ಲಿ ಕೆಂಪನ್ನೂ ಕಿತ್ತಳೆಯನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ.

ಮೊದಲ ಕೆಲಸವಾಗಿ ಮುಂಬಾಗಿಲಿನ ಮುರಿದ ಕೀಲಿನ ಪಟ್ಟಿಯನ್ನು ಮಾಡಿದೆವು. ಅಂಗಳದಲ್ಲಿ ಬಿದ್ದಿದ್ದ ಬಂಡಿಗಾಲಿಯ ಹಳೆಯ ಪಟ್ಟಿಯ ತುಂಡಿಗೆ ಉಳಿಯಿಂದ ಕಚ್ಚು ಹಾಕಿ ಬಗ್ಗಿಸಿದಾಗ, ಅದು ಹಸಿ ಬಿದಿರಿನಂತೆ ನಾರು ನಾರಾಗಿ ಸೀಳಿತು. ಹಾಗೆ ಸೀಳಿದರೆ ಅದು ರಾಟ್ ಐರನ್ ಎಂಬ ಹಳೆಯ ಬಗೆಯ ನಾರುಳ್ಳ ಕಬ್ಬಿಣ, ಇಂದಿನ ಉಕ್ಕಲ್ಲ. ಹೆನ್ರಿ ಕೋರ್ಟ್ 1784ರಲ್ಲಿ ಪೇಟೆಂಟ್ ಪಡೆದ, ಕರಗಿದ ಕಬ್ಬಿಣವನ್ನು ಕಲಕಿ ಇಂಥ ಕಬ್ಬಿಣದ ಹದಕ್ಕೆ ತರುವ ವಿಧಾನ ದಕ್ಷಿಣ ವೇಲ್ಸ್‌ನ ಮರ್ಥರ್ ಟಿಡ್ವಿಲ್‌ನಲ್ಲಿ ಎಷ್ಟು ನೆಲೆಯೂರಿತೆಂದರೆ ಅದಕ್ಕೆ ‘ವೆಲ್ಷ್ ವಿಧಾನ’ ಎಂದೇ ಹೆಸರಾಯಿತು. ಬ್ರಿಟನ್ನಿನಲ್ಲಿ ರಾಟ್ ಐರನ್ನಿನ ವಾಣಿಜ್ಯ ಉತ್ಪಾದನೆ 1970ರ ದಶಕದಲ್ಲಿ ನಿಂತದ್ದರಿಂದ ಹಳೆಯ ತುಂಡುಗಳನ್ನೇ ಜೋಪಾನವಾಗಿ ಬಳಸಬೇಕು. ತುದಿಯನ್ನು ಸುತ್ತಿ ಕಣ್ಣು ಮಾಡಿ, ಮರಳು ಉದುರಿಸಿ, ಬಿಳಿ ಕಾವಿಗೆ ಬಂದಾಗ ಬೆಸೆದೆವು. ಮೊದಲ ಸಲ ಹಿಡಿಯಲಿಲ್ಲ. ಎರಡನೆಯ ಸಲ, ತಿದಿಯನ್ನು ಅವಸರವಿಲ್ಲದೆ ನಿಮಿಷಕ್ಕೆ ಹದಿನಾಲ್ಕು ಎಳೆತದಂತೆ ನಡೆಸಿದಾಗ, ಎರಡೂ ಪದರಗಳು ಗೆರೆ ಕಾಣದಂತೆ ಒಂದಾದವು.

ಬಾಗಿಲಿನ ಒಳಮೈಯಲ್ಲಿ ರೈತರ ಕುರಿಗುರುತಿನ ಮುದ್ರೆಗಳನ್ನು ಕಾಯಿಸಿ ಒತ್ತಿ ನೋಡಿದ ಸುಟ್ಟ ಅಕ್ಷರಗಳು ಹತ್ತಾರು ಇವೆ. ಅವುಗಳಲ್ಲಿ ಒಂದನ್ನೂ ಮುಚ್ಚದಂತೆ, ಹಳೆಯ ತೂತುಗಳಲ್ಲಿಯೇ ಮೊಳೆ ಹೊಡೆದು ಕೀಲನ್ನು ಕೂರಿಸಿದೆವು. ಹೊಸ್ತಿಲಿನ ಕಲ್ಲಿನ ಮೇಲೆ ಬಾಗಿಲಿನ ಮೂಲೆ ಉಜ್ಜಿ ಮೂಡಿದ ಕಮಾನಿನ ಗೆರೆಯಿದೆ. ಬಾಗಿಲು ಈಗ ಆ ಗೆರೆಯ ಮೇಲೆಯೇ ಚಲಿಸುತ್ತದೆ, ಆದರೆ ಅದಕ್ಕಿಂತ 4 ಮಿಲಿಮೀಟರ್ ಎತ್ತರದಲ್ಲಿ. ಕೀಲಿನ ಕಣ್ಣಿನ ಕೆಳಗೆ ಹಾಕಿರುವ ವಾಷರನ್ನು ಮುಂದಿನ ಶನಿವಾರ ತೆಳು ಮಾಡಬೇಕು.